ಎಂಟು ವರ್ಷದ ಲೆಕ್ಕ ಹಾಕಿ, ಆಮೇಲೆ ವಿಮಾನ ಹತ್ತಿಸಿ

ನೀಟ್ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯ ಹೋಟೆಲ್ ಸಭಾಂಗಣಗಳಲ್ಲಿ ‘ವಿದೇಶದಲ್ಲಿ ಎಂಬಿಬಿಎಸ್’ ಸೆಮಿನಾರ್‌ಗಳು ಶುರುವಾಗುತ್ತವೆ. ಕೈಗೆ ಕೊಡುವ ಬಣ್ಣದ ಹಾಳೆಯಲ್ಲಿ ಒಂದು ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ. ಊರಿನ ಖಾಸಗಿ ಕಾಲೇಜಿನಲ್ಲಿ ಖಾಸಗಿ ಕೋಟಾದ ಸೀಟಿಗೆ ವರ್ಷಕ್ಕೆ 10 ಲಕ್ಷ ದಾಟುವ ಶುಲ್ಕ ಕೇಳಿ ಕಂಗಾಲಾದ ಅಪ್ಪ ಅಮ್ಮನಿಗೆ ಆ ಮೊತ್ತ ಎಷ್ಟು ಹಗುರ ಅನ್ನಿಸುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. 2018ರಲ್ಲಿ ನಾನು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ವೈದ್ಯಕೀಯ ಓದಲು ಹೊರಟಾಗ ನಮ್ಮ ಮನೆಗೂ ಅಂಥದೇ ಹಾಳೆ ಬಂದಿತ್ತು.

ಅಪ್ಪಾಜಿಯದು ಕಿರಾಣಿ ಅಂಗಡಿ. ಕನ್ಸಲ್ಟೆನ್ಸಿಯವರು ಎಲ್ಲ ವಿವರಿಸಿ ಮುಗಿಸಿದ ಮೇಲೆ ಅಪ್ಪಾಜಿ ಕೇಳಿದ್ದು ಒಂದೇ ಮಾತು: “ಇದು ಮೊದಲ್ನೇ ವರ್ಷದ ಲೆಕ್ಕ ಆತು. ಆರನೇ ವರ್ಷಕ್ಕೂ ಡಾಲರ್ ಇದೇ ರೇಟಿಗೆ ಸಿಗ್ತೈತೇನ್ರೀ?” ಸರಿಯಾದ ಉತ್ತರ ಬರಲಿಲ್ಲ. ಅವತ್ತು ರಾತ್ರಿಯೇ ಅಪ್ಪಾಜಿ ಅಂಗಡಿಯ ಖಾತೆ ಪುಸ್ತಕದಲ್ಲಿ ಒಂದು ಹೊಸ ಹಾಳೆ ತೆಗೆದು, ವರ್ಷಕ್ಕೊಂದು ಸಾಲಿನಂತೆ ಡಾಲರ್‌ನಲ್ಲೇ ಲೆಕ್ಕ ಬರೆದರು. ನಾನು ಓದು ಮುಗಿಸಿ ಬರಲು ಸಾಧ್ಯವಾದದ್ದು ಆ ಹಾಳೆಯಿಂದ.

ವರ್ಷದ ಶುಲ್ಕ 6,000 ಡಾಲರ್ ಎಂದು ಇಟ್ಟುಕೊಳ್ಳಿ. ಡಾಲರ್‌ಗೆ 72 ರೂಪಾಯಿ ಇದ್ದ 2018ರ ದರದಲ್ಲಿ ಅದು 4.32 ಲಕ್ಷ. 2024ರಲ್ಲಿ ದರ 83.50ರ ಆಸುಪಾಸಿನಲ್ಲಿದ್ದಾಗ ಅದೇ ಶುಲ್ಕ 5.01 ಲಕ್ಷ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು, ಅಲ್ಲಿಗೆ 5.40 ಲಕ್ಷ. ವಿಶ್ವವಿದ್ಯಾಲಯ ಒಂದು ಡಾಲರ್ ಕೂಡ ಏರಿಸಿಲ್ಲ, ಆದರೂ ಮನೆಯಿಂದ ಹೋಗುವ ಹಣ ವರ್ಷಕ್ಕೆ ಲಕ್ಷಕ್ಕಿಂತ ಹೆಚ್ಚಾಯಿತು. ರೂಪಾಯಿ ಲೆಕ್ಕ ಹಾಕುವಾಗ ಪ್ರತಿ ವರ್ಷವೂ ಶೇ 4ರಷ್ಟು ಹೆಚ್ಚು ಹಿಡಿಯಿರಿ ಎಂದು ನನ್ನನ್ನು ಕೇಳುವ ಎಲ್ಲರಿಗೂ ಹೇಳುತ್ತೇನೆ.

ಇನ್ನು ಅಲ್ಲಿನ ಬದುಕಿನ ಖರ್ಚು. ಹೋದ ಮೊದಲ ವಾರವೇ ಕೈಯಲ್ಲಿ ದೊಡ್ಡ ಮೊತ್ತ ಬೇಕು. ಮನೆ ಬಾಡಿಗೆಗೆ ಹಿಡಿದರೆ ಮೊದಲ ತಿಂಗಳ ಮತ್ತು ಕೊನೆಯ ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವುದು ಟಿಬಿಲಿಸಿಯಲ್ಲಿ ರೂಢಿ. ಬಾಡಿಗೆಯನ್ನು ಹೆಚ್ಚಾಗಿ ಡಾಲರ್‌ನಲ್ಲೇ ಹೇಳುತ್ತಾರೆ. ತರಕಾರಿ, ಬಸ್ಸು, ಗ್ಯಾಸ್ ಎಲ್ಲ ಅಲ್ಲಿನ ಕರೆನ್ಸಿಯಾದ ‘ಲಾರಿ’ಯಲ್ಲಿ. ಚಳಿಗಾಲದಲ್ಲಿ ಮನೆ ಬಿಸಿ ಇಡುವ ಗ್ಯಾಸ್ ಬಿಲ್ಲು ಬಂದಾಗ, ಬಣ್ಣದ ಹಾಳೆಯಲ್ಲಿದ್ದ ‘ತಿಂಗಳ ಖರ್ಚು’ ಬೇಸಿಗೆಯದ್ದು ಎಂದು ತಿಳಿಯುತ್ತದೆ. ಸಬುರ್ತಾಲೊ ಬಡಾವಣೆಯಲ್ಲಿ ನಾವು ನಾಲ್ವರು ಹುಡುಗಿಯರು ಒಂದು ಮನೆ ಹಂಚಿಕೊಂಡಿದ್ದೆವು. ರೈಲು ನಿಲ್ದಾಣದ ಹತ್ತಿರದ ಡಿಸೆರ್ಟರ್ ಬಜಾರ್‌ನಿಂದ ವಾರದ ತರಕಾರಿ ತಂದು, ಊರಿಂದ ಒಯ್ದ ಕುಕ್ಕರ್‌ನಲ್ಲಿ ಅನ್ನ ಸಾರು ಮಾಡಿಕೊಂಡರೆ ಮೆಸ್ಸಿನ ಖರ್ಚಿಗಿಂತ ಎಷ್ಟೋ ಕಡಿಮೆಯಾಗುತ್ತಿತ್ತು. ಅಡುಗೆ ಬರುವ ಮಕ್ಕಳಿಗೆ ಅಲ್ಲಿ ಪ್ರತಿ ತಿಂಗಳೂ ಹಣ ಉಳಿಯುತ್ತದೆ. ಗಂಡುಮಕ್ಕಳಿಗೂ ಕಲಿಸಿ ಕಳಿಸಿ.

ಯಾರ ಲೆಕ್ಕಕ್ಕೂ ಸಿಗದ ವರ್ಷ 2022. ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ರಷ್ಯಾದಿಂದ ಸಾವಿರಾರು ಜನ ಟಿಬಿಲಿಸಿಗೆ ಬಂದಿಳಿದರು. ಬಾಡಿಗೆ ಗಗನಕ್ಕೇರಿತು. ಹೆಚ್ಚು ಕೊಡಿ, ಇಲ್ಲವೇ ಖಾಲಿ ಮಾಡಿ ಎಂದು ನಮ್ಮ ಮನೆಯ ಮಾಲೀಕರೂ ಹೇಳಿದರು. ಅದರ ಜೊತೆಗೆ ಲಾರಿಯೂ ಬಲವಾಯಿತು: 2021ರಲ್ಲಿ ಡಾಲರ್‌ಗೆ ಮೂರಕ್ಕೂ ಹೆಚ್ಚು ಲಾರಿ ಸಿಗುತ್ತಿದ್ದದ್ದು 2022ರ ಕೊನೆಗೆ 2.7ರ ಹತ್ತಿರ ಬಂತು. ಒಂದು ಕಡೆ ರೂಪಾಯಿ ಕೊಟ್ಟರೆ ಸಿಗುವ ಡಾಲರ್ ಕಡಿಮೆ, ಇನ್ನೊಂದು ಕಡೆ ಆ ಡಾಲರ್ ಕೊಟ್ಟರೆ ಸಿಗುವ ಲಾರಿಯೂ ಕಡಿಮೆ. ಎತ್ತು ಒಂದು ಕಡೆ, ಕೋಣ ಒಂದು ಕಡೆ ಎಳೆದಂತಾಯಿತು ನಮ್ಮ ಸ್ಥಿತಿ. ಆದರೂ ನಾವು ಪುಣ್ಯವಂತರು. ಅದೇ ವರ್ಷದ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದರು. ಅಲ್ಲಿಂದ ಓದು ಬಿಟ್ಟು ಬಂದು ನಮ್ಮಲ್ಲಿ ಸೇರಿಕೊಂಡವರ ಪೈಕಿ ಕೆಲವರಿಗೆ ಕಟ್ಟಿದ್ದ ಶುಲ್ಕ ವಾಪಸ್ ಸಿಗಲಿಲ್ಲ, ಊರಲ್ಲಿ ಸಾಲದ ಬಡ್ಡಿ ನಿಲ್ಲಲಿಲ್ಲ. ಕೋವಿಡ್ ಕಾಲದಲ್ಲಿ ನಮ್ಮವರನ್ನು ವಾಪಸ್ ಕರೆತಂದ ವಂದೇ ಭಾರತ್ ವಿಮಾನಗಳಲ್ಲೂ ಟಿಕೆಟ್ ಹಣ ಪ್ರಯಾಣಿಕರದ್ದೇ. ಹಾಗಾಗಿ ಊರಿಗೆ ಮರಳುವ ಟಿಕೆಟ್ ಮತ್ತು ಮೂರು ತಿಂಗಳ ಖರ್ಚಿನ ಹಣವನ್ನು ಬೇರೆಯೇ ಇಡಿ. ಅದನ್ನು ಶುಲ್ಕಕ್ಕೂ ಮುಟ್ಟಬೇಡಿ.

ಹಣ ಕಳಿಸುವ ಬಗ್ಗೆ ಕೆಲವು ಮಾತು. ಹೊರಡುವಾಗ ನಗದು ವಿದೇಶಿ ನೋಟು ಒಯ್ಯಲು 3,000 ಡಾಲರ್ ಮಿತಿ ಇದೆ. ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿರಲಿ. ಶುಲ್ಕವನ್ನು ಬ್ಯಾಂಕಿನಿಂದ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಕಳಿಸಿ, ಏಜೆಂಟರ ಕೈಗೆ ಕೊಡಬೇಡಿ. ಮಧ್ಯದ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡರೆ ಅಲ್ಲಿ ಶುಲ್ಕ ಬಾಕಿ ಎಂದು ಬರೆಯುತ್ತಾರೆ. ಎಲ್ಲ ವೆಚ್ಚ ಕಳಿಸುವವರದ್ದೇ ಎಂದು ಅರ್ಜಿಯಲ್ಲಿ ನಮೂದಿಸಿ. ಬ್ಯಾಂಕು ಹೇಳುವ ಡಾಲರ್ ದರದಲ್ಲಿ ಚೌಕಾಸಿಗೆ ಅವಕಾಶವಿದೆ, ಸಂಕೋಚವಿಲ್ಲದೆ ಕೇಳಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಕಳಿಸಿದರೆ ಟಿಸಿಎಸ್ (ಬ್ಯಾಂಕು ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಇಲ್ಲ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೂ ಇಲ್ಲ.

ಸಾಲದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಸಾರ್ವಜನಿಕ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷ ದಾಟಿದರೆ ಆಸ್ತಿ ಅಡವು ಬೇಕು. ಹೊಲದ ಪಹಣಿಯನ್ನು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ದೊಡ್ಡಪ್ಪ ತಮ್ಮ ಸೈಟಿನ ಖಾತಾ, ಇ.ಸಿ. ತಂದುಕೊಟ್ಟರು. ವಿದೇಶದ ಓದಿನ ಖರ್ಚಿನಲ್ಲಿ ಶೇ 15ರಷ್ಟನ್ನು ನಾವೇ ಹಾಕಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದು ನಿಜ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ವರ್ಷಕ್ಕೆ 3.5 ಲಕ್ಷದಂತೆ ಆರು ವರ್ಷ ಶೇ 10ರ ಬಡ್ಡಿಗೆ ಪಡೆದರೆ ಅಸಲು 21 ಲಕ್ಷ. ಸರಳ ಬಡ್ಡಿಯೇ ಆದರೂ ಏಳನೇ ವರ್ಷದ ಕೊನೆಗೆ ಬಡ್ಡಿ 9.45 ಲಕ್ಷವಾಗಿರುತ್ತದೆ. ಅಂದರೆ ಕಂತು ಶುರುವಾಗುವ ಹೊತ್ತಿಗೆ ಬಾಕಿ 30 ಲಕ್ಷ ದಾಟಿರುತ್ತದೆ. ಇದೇ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿ ತಿಂಗಳಿಗೆ 3,000 ರೂಪಾಯಿಯೂ ಆಗುವುದಿಲ್ಲ. ಅಪ್ಪಾಜಿ ಅಂಗಡಿಯ ವ್ಯಾಪಾರದಿಂದ ತಿಂಗಳು ತಿಂಗಳೂ ಬಡ್ಡಿ ಕಟ್ಟುತ್ತಾ ಬಂದರು. ಹೀಗೆ ಕಟ್ಟುವವರಿಗೆ ಬಡ್ಡಿ ದರದಲ್ಲಿ ಶೇ 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಬಡ್ಡಿಯ ಮೇಲೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿಯೂ ಉಂಟು.

ಬಣ್ಣದ ಹಾಳೆಗಳಲ್ಲಿ ಎಂದೂ ಬರೆಯದ ಎರಡು ವರ್ಷಗಳಿವೆ. ಪದವಿ ಹಿಡಿದು ಬಂದ ಕೂಡಲೇ ನಾವು ಇಲ್ಲಿ ಡಾಕ್ಟರ್ ಅಲ್ಲ. ವಿದೇಶದಲ್ಲಿ ಓದಿ ಬಂದವರು ಮೊದಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. 300ಕ್ಕೆ 150 ಬಂದರೆ ಪಾಸು. 2024ರ ಜೂನ್ ಸುತ್ತಿನಲ್ಲಿ ಬರೆದ ಐವರಲ್ಲಿ ಪಾಸಾದವರು ಹೆಚ್ಚುಕಮ್ಮಿ ಒಬ್ಬರು. ಅದಾದ ಮೇಲೆ ಇಲ್ಲಿ ಇಂಟರ್ನ್‌ಶಿಪ್. ಕೋಚಿಂಗ್ ಶುಲ್ಕ, ಪಿ.ಜಿ. ಬಾಡಿಗೆ, ಕಾಯುವ ತಿಂಗಳುಗಳ ಖರ್ಚು ಎಲ್ಲ ಮನೆಯವರದ್ದೇ. ಮೊದಲ ಸಲ ಪಾಸಾಗದಿದ್ದರೆ ಸಂಬಳ ಬರುವ ಮೊದಲೇ ಬ್ಯಾಂಕಿನ ಕಂತು ಶುರುವಾಗುತ್ತದೆ. ಇಂಟರ್ನ್‌ಶಿಪ್‌ಗೆ ಕಾಲೇಜುಗಳು ನಮ್ಮಿಂದ ಶುಲ್ಕ ಕೇಳುವಂತಿಲ್ಲ, ಇಲ್ಲಿ ಓದಿದವರಿಗೆ ಕೊಡುವಷ್ಟೇ ಸ್ಟೈಪೆಂಡ್ ಕೊಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಮಾರ್ಚ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಪ್ರತಿ ಕೈಯಲ್ಲಿರಲಿ.

2021ರ ನವೆಂಬರ್ ನಂತರ ಸೇರಿದವರಿಗೆ ನಿಯಮ ಇನ್ನೂ ಬಿಗಿ: ಕನಿಷ್ಠ 54 ತಿಂಗಳ ಕೋರ್ಸ್, ಅದೇ ವಿಶ್ವವಿದ್ಯಾಲಯದಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಬೋಧನೆ ಇಂಗ್ಲಿಷ್‌ನಲ್ಲಿ, ಆ ದೇಶದಲ್ಲಿ ವೈದ್ಯ ವೃತ್ತಿ ಮಾಡುವ ಅರ್ಹತೆ. ಇವುಗಳಲ್ಲಿ ಒಂದು ತಪ್ಪಿದರೂ ಕಟ್ಟಿದ ಹಣವೆಲ್ಲ ನೀರಿಗೆ ಹಾಕಿದಂತೆ. ಹಾಳೆಯಲ್ಲಿ ಶುಲ್ಕ ನೋಡುವ ಮೊದಲು ಇವನ್ನು ನೋಡಿ.

ಇಂದೇ ಮುಂಗಡ ಕಟ್ಟಿದರೆ ಮಾತ್ರ ಸೀಟು ಎಂದು ಅವಸರ ಮಾಡುವವರಿಂದ ಒಂದು ವಾರ ಸಮಯ ಕೇಳಿ. ಆ ವಾರದಲ್ಲಿ ಓದುವ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿನ ಆರು ವರ್ಷ, ಪರೀಕ್ಷೆಯ ಒಂದು ವರ್ಷ, ಇಂಟರ್ನ್‌ಶಿಪ್‌ನ ಒಂದು ವರ್ಷ, ಹೀಗೆ ಎಂಟು ಸಾಲು ಬರೆಯಿರಿ. ಮೊತ್ತ ಮನೆಯ ಶಕ್ತಿಗೆ ಮೀರಿದ್ದರೆ ಅದನ್ನು ಮಗುವಿಗೆ ಬಿಡಿಸಿ ಹೇಳಿ. ಇನ್ನೊಂದು ವರ್ಷ ನೀಟ್‌ಗೆ ಓದಿಸುವುದು ಅದಕ್ಕಿಂತ ಅಗ್ಗ. ನಿಭಾಯಿಸಬಲ್ಲೆವು ಅನ್ನಿಸಿದರೆ ಧೈರ್ಯವಾಗಿ ಕಳಿಸಿ, ಹೆಣ್ಣುಮಕ್ಕಳನ್ನೂ ಕಳಿಸಿ.