ಶುಂಠಿ ಬಿಯರಿಗೆ ವೆನಿಲ್ಲಾದ ಪರಿಮಳ

ಬಳ್ಳಿಯಿಂದ ಆಗತಾನೆ ಕೊಯ್ದ ವೆನಿಲ್ಲಾ ಕೋಡನ್ನು ಮೂಸಿ ನೋಡಿದವರಿಗೆ ಹಸಿ ಹುರುಳಿಕಾಯಿಯ ವಾಸನೆಗಿಂತ ಹೆಚ್ಚಿನದೇನೂ ದೊರೆಯದು. ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಿ, ಒಂಬತ್ತು ತಿಂಗಳು ಕಾದು ಕೊಯ್ದ ಕೋಡನ್ನು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಕ್ಕೆ ಕೆಲವು ಗಂಟೆ ಬಿಸಿಲಿಗೂ ಆಮೇಲೆ ವಾರಗಟ್ಟಲೆ ನೆರಳಿಗೂ ಒಡ್ಡಿ, ಕಡೆಗೆ ಮರದ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಮುಚ್ಚಿಟ್ಟರೆ, ಅದರೊಳಗಿನ ನಿರ್ಗಂಧವಾದ ಗ್ಲೂಕೋವೆನಿಲಿನ್ ಕಿಣ್ವಗಳಿಂದ ಒಡೆದು ವೆನಿಲಿನ್ ಆಗಿ, ನಾವು ಬಲ್ಲ ಆ ಮಧುರ ಗಂಧವು ಪ್ರಕಟವಾಗುವುದು. ಐದಾರು ಕಿಲೋ ಹಸಿಕೋಡಿನಿಂದ ದೊರೆಯುವುದು ಒಂದು ಕಿಲೋ ಮಾತ್ರ. ಇಷ್ಟು ಶ್ರಮದಿಂದ ಸಿದ್ಧಿಸಿದ ಗಂಧವನ್ನು ಕುದಿಯುವ ಪಾತ್ರೆಗೆ ಹಾಕಿ ಹಬೆಯೊಡನೆ ಹಾರಿಸಿಬಿಡುವುದು ದೊಡ್ಡ ಅನ್ಯಾಯ. ಮನೆಯಲ್ಲಿ ಹುದುಗಿಸುವ ಯಾವ ಪಾನೀಯದಲ್ಲಿಯೇ ಆಗಲಿ, ವೆನಿಲ್ಲಾವು ಕಟ್ಟಕಡೆಗೆ ಸೇರತಕ್ಕ ವಸ್ತುವೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

2000ದಲ್ಲಿ ಚಂಡಮಾರುತವು ಮಡಗಾಸ್ಕರದ ತೋಟಗಳನ್ನು ಧ್ವಂಸಮಾಡಿದ ಮೇಲೆ ವೆನಿಲ್ಲಾದ ಬೆಲೆ ಗಗನಕ್ಕೇರಿ, ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿಯೂ ಬಳ್ಳಿ ಹಬ್ಬಿ, ಕಳ್ಳರ ಭಯದಿಂದ ಬೆಳೆಗಾರರು ರಾತ್ರಿಯೆಲ್ಲ ಕಾವಲು ಕುಳಿತ ಕಾಲವೊಂದಿತ್ತು. ಬೆಲೆ ಕುಸಿದಾಗ ಅನೇಕರು ಬಳ್ಳಿಯನ್ನು ಕಿತ್ತೆಸೆದರು. ಉಳಿಸಿಕೊಂಡವರ ಮನೆಯ ಕೋಡಿಗೆ ಶುಂಠಿ ಬಿಯರಿನಲ್ಲಿ ಒಂದು ಸದುಪಯೋಗವನ್ನು ಸೂಚಿಸುವುದು ಈ ಲೇಖನದ ಉದ್ದೇಶ. ಇದೇ ಜಿಲ್ಲೆಯ ಮುಂಡಗೋಡದ ಹೊಲಗಳಲ್ಲಿ ಶುಂಠಿ ಧಾರಾಳವಾಗಿದೆ. ಹಳಿಯಾಳವಂತೂ ಬೆಲ್ಲ, ಸಕ್ಕರೆಗಳ ಮೂಲವಾದ ಕಬ್ಬಿನ ಸೀಮೆ.

ಬಾರ್ಲಿಯ ಬಿಯರಿನ ಮಾತು ಬೇರೆ. 1966ರಲ್ಲಿ ಮುಂಡಗೋಡದ ಬಳಿ ನೆಲೆಯೂರಿದ ಟಿಬೆಟ್ಟಿನ ಜನರ ಪರಂಪರೆಯಲ್ಲಿ ಹೊಸ ವರ್ಷದ ಲೋಸರ್ ಹಬ್ಬದ ಬಾರ್ಲಿಯ ಬಿಯರಾದ ಛಾಂಗ್‌ಗೆ ಗೌರವದ ಸ್ಥಾನವಿದೆಯಾದರೂ, 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಯಾರೂ ಮದ್ಯವನ್ನು ತಯಾರಿಸಕೂಡದು. ಆದಕಾರಣ ಇಲ್ಲಿ ಹೇಳುವುದು ಶುಂಠಿ ಬಿಯರಿನ ವಿಧಾನವನ್ನು. ಕೆಲವೇ ದಿನ ಹುದುಗಿಸಿ ತಣ್ಣಗಿಟ್ಟರೆ ಅದರಲ್ಲಿ ಮದ್ಯಾಂಶವು ಸಾಮಾನ್ಯವಾಗಿ ಅಲ್ಪ. ಅಲ್ಪವೆಂದರೆ ಇಲ್ಲವೆಂದಲ್ಲ; ಮದ್ಯವನ್ನು ಸಂಪೂರ್ಣವಾಗಿ ವರ್ಜಿಸಿದವರೂ ಮಕ್ಕಳಿಗೆ ಕೊಡುವವರೂ ಇದನ್ನರಿತಿರಬೇಕು.

ಮೊದಲನೆಯ ಕೆಲಸ ಹೆಪ್ಪು. ಗಾಜಿನ ಭರಣಿಯಲ್ಲಿ ಅರ್ಧ ಲೀಟರ್ ಬಾವಿಯ ನೀರನ್ನು ಕುದಿಸಿ ಆರಿಸಿ ಹಾಕಿ, ಸಿಪ್ಪೆಸಹಿತವಾಗಿ ತುರಿದ ಶುಂಠಿ ಒಂದು ದೊಡ್ಡ ಚಮಚೆ, ಸಕ್ಕರೆ ಒಂದು ದೊಡ್ಡ ಚಮಚೆ ಸೇರಿಸಿ, ತಿಳಿಬಟ್ಟೆ ಕಟ್ಟಿ ಇಡಿ. ನಲ್ಲಿಯ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ. ಪ್ರತಿದಿನವೂ ಅಷ್ಟಷ್ಟೇ ಶುಂಠಿ, ಸಕ್ಕರೆಗಳನ್ನು ಹಾಕಿ ಕಲಕುತ್ತ ಬಂದರೆ ನಾಲ್ಕೈದು ದಿನಗಳಲ್ಲಿ ಸಣ್ಣ ಗುಳ್ಳೆಗಳೇಳುವುವು. ಈ ಗುಳ್ಳೆಗೆ ಕಾರಣ ಶುಂಠಿಯ ಸಿಪ್ಪೆಯ ಮೇಲಿರುವ ಕಾಡು ಯೀಸ್ಟ್. ಆದುದರಿಂದ ಬಿತ್ತನೆಗೆಂದು ಶಿಲೀಂಧ್ರನಾಶಕದಲ್ಲಿ ಅದ್ದಿಟ್ಟ ಶುಂಠಿಯನ್ನು ಎಂದಿಗೂ ಮುಟ್ಟಬಾರದು. ಅದರಿಂದ ಹೆಪ್ಪು ಹುಟ್ಟುವುದು ಕಷ್ಟ. ಹುಟ್ಟಿದರೂ ಕುಡಿಯುವವರ ದೇಹಕ್ಕೆ ಹಾನಿ. ಮೇಲೆ ಬೂಷ್ಟು ಕಟ್ಟಿದರೆ ಎಲ್ಲವನ್ನೂ ಚೆಲ್ಲಿ ಹೊಸದಾಗಿ ಪ್ರಾರಂಭಿಸಿ.

ಹೆಪ್ಪು ಸಿದ್ಧವಾದ ದಿನ ನಾಲ್ಕು ಲೀಟರ್ ನೀರಿಗೆ 200 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಬೆಲ್ಲ, 200 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸಿ. ಬೆಲ್ಲವೊಂದನ್ನೇ ಏಕೆ ಹಾಕಬಾರದೆಂದು ಕೇಳುವವರುಂಟು. ಕಪ್ಪು ಬೆಲ್ಲದ ಗಂಧವು ಬಲವಾದುದು. ವೆನಿಲ್ಲಾದ ಸೌಮ್ಯವಾದ ಪರಿಮಳವನ್ನು ಅದು ಮುಚ್ಚಿಬಿಡುವುದು. ಕುದಿಸಿದ ದ್ರವವು ಕೈಗೆ ತಣ್ಣಗೆ ತಗಲುವಷ್ಟು ಆರಿದ ಮೇಲೆ ಶೋಧಿಸಿ, ಎರಡು ನಿಂಬೆಹಣ್ಣಿನ ರಸವನ್ನೂ ಶೋಧಿಸಿದ ಹೆಪ್ಪು ಒಂದು ಲೋಟವನ್ನೂ ಬೆರೆಸಿ, ಬಟ್ಟೆ ಕಟ್ಟಿ ಒಂದೆರಡು ದಿನ ಬಿಡಿ.

ಈಗ ವೆನಿಲ್ಲಾ. ನಾಲ್ಕು ಲೀಟರಿಗೆ ಉದ್ದನೆಯ ಒಂದು ಕೋಡು ಸಾಕು. ಶುಂಠಿಯ ಖಾರ ಮುಂದಾಗಿದ್ದರೆ ಎರಡು. ಒಳ್ಳೆಯ ಕೋಡು ಕಪ್ಪಾಗಿ, ಎಣ್ಣೆಯ ಹೊಳಪಿನಿಂದ ಕೂಡಿ, ಬೆರಳಿಗೆ ಸುತ್ತಿದರೆ ಮುರಿಯದೆ ಬಾಗುವುದು. ಅದನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಒಳಗಿನ ಕರಿಯ ಬೀಜದ ತಿರುಳನ್ನು ಕೆರೆದು, ಸಿಪ್ಪೆಯನ್ನೂ ತುಂಡರಿಸಿಕೊಳ್ಳಿ. ಅರ್ಧ ಲೋಟ ನೀರಿಗೆ 50 ಗ್ರಾಂ ಸಕ್ಕರೆ ಹಾಕಿ ಒಂದು ಕುದಿ ಬಂದೊಡನೆ ಕೆಳಗಿಳಿಸಿ, ಹಬೆಯ ರಭಸ ಅಡಗಿದ ಮೇಲೆ ತಿರುಳು, ಸಿಪ್ಪೆಗಳನ್ನು ಅದರಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಿ. ತಣ್ಣೀರಿಗಿಂತ ಬಿಸಿಯ ಪಾಕವು ವೆನಿಲಿನ್ನನ್ನು ಬೇಗ ಎಳೆದುಕೊಳ್ಳುವುದು; ಮುಚ್ಚಳವು ಗಂಧವನ್ನು ಹೊರಗೆ ಬಿಡದು. ಮೊದಲ ದಿನವೇ ಭರಣಿಗೆ ಹಾಕಿದರೆ ಹುದುಗುವಾಗ ಏಳುವ ಅನಿಲವು ಪರಿಮಳದ ಒಂದಷ್ಟನ್ನು ಹೊತ್ತೊಯ್ಯುವುದು. ಗುಳ್ಳೆಗಳ ಆರ್ಭಟ ಇಳಿದ ಮೇಲೆ, ಸೀಸೆಗೆ ತುಂಬುವ ಮುನ್ನ, ಪಾಕವನ್ನು ಶೋಧಿಸಿ ಬೆರೆಸಿ.

ಅಂಗಡಿಯ ವೆನಿಲ್ಲಾ ಎಸೆನ್ಸ್ ಸಾಲದೇ ಎನ್ನುವವರಿಗೆ ಒಂದು ಮಾತು. ಅದರ ಪರಿಮಳಕ್ಕೆ ಕಾರಣ ಸಾಮಾನ್ಯವಾಗಿ ಕೃತಕ ವೆನಿಲಿನ್. 1930ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಕಾಗದದ ಕಾರ್ಖಾನೆಗಳ ತ್ಯಾಜ್ಯದ್ರವದಿಂದಲೇ ತೆಗೆಯತೊಡಗಿದರು. ಕಾಗದದ ಊರಾದ ದಾಂಡೇಲಿಯವರಿಗೆ ಇದು ಸ್ವಾರಸ್ಯದ ವಿಷಯ: ಮರದಿಂದ ಕಾಗದಕ್ಕಾಗಿ ನಾರನ್ನು ಬೇರ್ಪಡಿಸುವಾಗ ಕರಗಿ ಹೋಗುವ ಲಿಗ್ನಿನ್ನಿನಲ್ಲಿ ವೆನಿಲಿನ್ ಆಗತಕ್ಕ ಸತ್ತ್ವವಿದೆ. ಓಕ್ ಮರದ ಪೀಪಾಯಿಯಲ್ಲಿಟ್ಟ ಮದ್ಯಕ್ಕೆ ವೆನಿಲ್ಲಾದ ಛಾಯೆ ಬರುವುದೂ ಇದೇ ಕಾರಣದಿಂದ. ಆದರೆ ನಿಜವಾದ ಕೋಡಿನಲ್ಲಿ ವೆನಿಲಿನ್ನಿನ ಜೊತೆಗೆ ನೂರಾರು ಸೂಕ್ಷ್ಮ ಗಂಧದ್ರವ್ಯಗಳಿರುವುದರಿಂದ ಅದರ ಸ್ವಾದದ ಆಳವು ಎಸೆನ್ಸಿಗೆ ಬಾರದು.

ತುಂಬುವುದು ಗಟ್ಟಿಯಾದ ಪ್ಲಾಸ್ಟಿಕ್ ಸೋಡಾ ಸೀಸೆಗಳಿಗೆ. ಗಾಜಿನದು ಒತ್ತಡಕ್ಕೆ ಸಿಡಿದು ಅಪಾಯವನ್ನುಂಟುಮಾಡಬಹುದು. ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಹಳಿಯಾಳದ ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಸೀಸೆ ಬಿಗಿದರೆ, ಜೋಯಿಡಾದ ಮಳೆಗಾಲದಲ್ಲಿ ಮೂರು ದಿನವೂ ಹಿಡಿಯಬಹುದು. ಆದಕಾರಣ ಗಡಿಯಾರವನ್ನು ನಂಬದೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತಾದೊಡನೆ ಫ್ರಿಜ್ಜಿಗೆ ಸೇರಿಸಿ, ವಾರದೊಳಗೆ ಕುಡಿದು ಮುಗಿಸಿ. ಮುಚ್ಚಳವನ್ನು ಮಾತ್ರ ಸ್ವಲ್ಪಸ್ವಲ್ಪವಾಗಿಯೇ ತಿರುಗಿಸಿ. ಸೋಸಿ ಉಳಿದ ಕೋಡಿನ ತುಂಡುಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಸಕ್ಕರೆಯ ಡಬ್ಬಿಯಲ್ಲಿ ಹೂತಿಟ್ಟರೆ, ಎರಡು ವಾರಗಳಲ್ಲಿ ಆ ಸಕ್ಕರೆಯೇ ಪಾಯಸಕ್ಕೆ ಹಾಕಲು ಯೋಗ್ಯವಾಗುವುದು.