ತಿಂದ ಮೇಲಿನ ಸಂಕಟ


ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರ ವಂದನೆ ಮುಗಿದು ಚಾಪೆ ಮಡಚುವಾಗ ಚನ್ನಪಟ್ಟಣದ ಕಡೆಯ ಅಕ್ಕ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಬೊಂಬೆ ಕೆಲಸದವರು, ದಿನವಿಡೀ ಕೂತೇ ಇರುವವರು. "ಟೀಚರಮ್ಮ, ಡಾಕ್ಟ್ರು ಎಂಟು ಕೆಜಿ ಇಳೀಬೇಕು ಅಂದವ್ರೆ. ಬೆಳಗ್ಗೆಯಿಂದ ತಡ್ಕೊಂಡಿದ್ದು ಸಂಜೆ ಎರಡು ರಸಪುರಿ ಹಣ್ಣು ತಿಂದ್ಬಿಟ್ಟೆ. ತಿಂದ್ಮೇಲೆ ಏನೋ ಪಾಪ ಮಾಡ್ದಂಗಾಯ್ತು. ಇದಕ್ಕೆ ಧಮ್ಮದಲ್ಲಿ ಏನಾದ್ರೂ ಐತಾ?" ಎಂದರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಅದು ನನ್ನದೇ ಕಥೆ. ಹೋದ ವರ್ಷ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ ನನಗೆ 6.1 ಬಂತು. 5.7ರಿಂದ 6.4ರೊಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೇವೆ ಎಂದರ್ಥ. ಹೆದರಿ ರಾತ್ರಿ ಊಟ ಬಿಟ್ಟೆ. ನಾಲ್ಕನೆಯ ದಿನ ರಾತ್ರಿ ಹನ್ನೊಂದಕ್ಕೆ ಎದ್ದು, ಲೈಟೂ ಹಾಕದೆ, ಉಳಿದಿದ್ದ ತಣ್ಣನೆ ಮುದ್ದೆಯನ್ನು ಬಸ್ಸಾರಲ್ಲಿ ಅದ್ದಿ ನಿಂತುಕೊಂಡೇ ನುಂಗುತ್ತಿದ್ದೆ. ನೀರು ಕುಡಿಯಲು ಬಂದ ಯಜಮಾನರು ಲೈಟ್ ಹಾಕಿದರು. ನಾನು ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ! ನಲವತ್ತು ದಾಟಿದ ಹೆಂಗಸು, ನನ್ನ ಸಂಬಳದ ರಾಗಿ, ನನ್ನ ಮನೆಯ ಅಡುಗೆಮನೆ. ಆದರೂ ಕಳ್ಳಿಯಂತೆ ನಿಂತಿದ್ದೆ.

ಆಮೇಲೆ ನಿದ್ದೆ ಬರಲಿಲ್ಲ. ನಮ್ಮವ್ವ ನೆನಪಾದಳು. ಅವಳು ಮದುವೆಮನೆಗಳಲ್ಲಿ ಮುಸುರೆ ತಿಕ್ಕಿ, ಮಿಕ್ಕ ಅನ್ನವನ್ನು ಸೆರಗಲ್ಲಿ ಮುಚ್ಚಿ ತರುತ್ತಿದ್ದಳು. ಅವಳೂ ಬಚ್ಚಿಟ್ಟವಳೇ. ಆದರೆ ಅವಳಿಗೆ ಇದ್ದದ್ದು ಯಾರಾದರೂ ನೋಡಿಯಾರು ಎಂಬ ಅವಮಾನ. ಉಂಡದ್ದಕ್ಕೆ ಅವಳು ಒಂದು ದಿನವೂ ಕೊರಗಿದ್ದನ್ನು ನಾನು ಕಾಣೆ. ದೇವನೂರರ 'ಒಡಲಾಳ'ವನ್ನು ಎಂ.ಎ.ಯಲ್ಲಿ ಓದಿದವರಿಗೆ ಸಾಕವ್ವನ ಮನೆಯವರು ರಾತ್ರಿಯೆಲ್ಲ ಕೂತು ಕಡಲೆಕಾಯಿ ತಿಂದದ್ದು ನೆನಪಿರಬಹುದು. ಹಸಿದವರ ಮನೆಯಲ್ಲಿ ತಿನ್ನುವುದು ಹಬ್ಬ. ನಮ್ಮ ಮಾಗಡಿಯ ಸಿದ್ಧಲಿಂಗಯ್ಯನವರ 'ಊರು ಕೇರಿ'ಯಲ್ಲೂ ಹಸಿವು ಇದೆ, ನಗು ಇದೆ. ಒಂದೇ ತಲೆಮಾರಿನಲ್ಲಿ ನಾವು ಹಸಿವಿನ ಅವಮಾನದಿಂದ ಹೊಟ್ಟೆ ತುಂಬಿದ ಅವಮಾನಕ್ಕೆ ಬಂದುಬಿಟ್ಟಿದ್ದೇವೆ. ಇದು ಎಲ್ಲಿಂದ ಬಂತು?

ಒಂದು ಮೂಲ ಮೊಬೈಲ್. ಅದರಲ್ಲಿ ಅನ್ನ ಕೆಟ್ಟದ್ದು, ಓಟ್ಸ್ ಒಳ್ಳೆಯದು. ಹೆಚ್ಚು ತಿಂದ ದಿನಕ್ಕೆ 'ಚೀಟ್ ಡೇ' ಎಂದು ಹೆಸರು. ಚೀಟ್ ಎಂದರೆ ಮೋಸ. ಯಾರಿಗೆ ಮಾಡಿದ ಮೋಸ ಸ್ವಾಮಿ? ಇನ್ನೊಂದು ಮೂಲ ಹಳೆಯದು, ನಮಗೆ ಚೆನ್ನಾಗಿ ಗೊತ್ತಿರುವುದು. ತಟ್ಟೆಯಲ್ಲಿ ಏನಿದೆ ಎಂದು ನೋಡಿ ಮನುಷ್ಯನ ಯೋಗ್ಯತೆ ಅಳೆಯುವ ಮಡಿ ಮೈಲಿಗೆಯ ಅಭ್ಯಾಸ. ಸುತ್ತನಿಪಾತದ ಆಮಗಂಧ ಸುತ್ತದಲ್ಲಿ ಇದರ ಚರ್ಚೆಯೇ ಇದೆ. ಮಾಂಸ ತಿನ್ನುವುದು ದುರ್ಗಂಧ ಎಂದು ಹಂಗಿಸುವ ಬ್ರಾಹ್ಮಣನಿಗೆ ಅಲ್ಲಿ ಸಿಗುವ ಉತ್ತರ ಏನೆಂದರೆ, ಕೊಲೆ, ಕಳವು, ಸುಳ್ಳು, ವಂಚನೆ ದುರ್ಗಂಧವೇ ಹೊರತು ತಿನ್ನುವ ಆಹಾರವಲ್ಲ. ಪಂಚಶೀಲವನ್ನು ಬೆರಳು ಮಡಚಿ ಎಣಿಸಿ ನೋಡಿ, ಎರಡನೆಯ ಮುದ್ದೆಯ ಬಗ್ಗೆ ಎಲ್ಲೂ ಇಲ್ಲ.

ಹಾಗಾದರೆ ಎಷ್ಟಾದರೂ ತಿನ್ನಬಹುದೇ? ಇಲ್ಲ. ಇಲ್ಲಿ ರಾಜ ಪಸೇನದಿಯ ಕಥೆ ಹೇಳಬೇಕು. ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿದೆ. ಕೋಸಲದ ಈ ದೊರೆ ದ್ರೋಣದ ಅಳತೆಯಲ್ಲಿ ಅನ್ನ ಉಣ್ಣುತ್ತಿದ್ದ. ಒಂದು ದಿನ ಹಾಗೇ ಉಂಡು ಏದುಸಿರು ಬಿಡುತ್ತ ಬುದ್ಧರ ಬಳಿ ಬಂದು ಕೂತ. ಬುದ್ಧರು ನೋಡಿದರು. ಬೈಯಲಿಲ್ಲ, ಎಲ್ಲರೆದುರು ನಗಲಿಲ್ಲ, ಉಪವಾಸ ಮಾಡು ಎನ್ನಲಿಲ್ಲ, ಪ್ರಾಯಶ್ಚಿತ್ತ ಹೇಳಲಿಲ್ಲ. ಎಚ್ಚರದಿಂದ, ಅಳತೆ ಅರಿತು ಉಣ್ಣುವವನಿಗೆ ಬಾಧೆ ಕಡಿಮೆ, ಮುಪ್ಪೂ ಮೆಲ್ಲಗೆ ಬರುತ್ತದೆ ಎಂಬ ಅರ್ಥದ ಒಂದು ಗಾಥೆ ಹೇಳಿದರು, ಅಷ್ಟೆ.

ರಾಜ ಏನು ಮಾಡಿದ ನೋಡಿ. ಹಿಂದೆ ನಿಂತಿದ್ದ ಸುದಸ್ಸನ ಎಂಬ ಹುಡುಗನಿಗೆ ಆ ಗಾಥೆ ಕಲಿತುಕೋ, ನಾನು ಊಟಕ್ಕೆ ಕೂತಾಗ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ತನ್ನ ಮನಸ್ಸಿನ ಬಲದ ಮೇಲೆ ಅವನಿಗೆ ಅಷ್ಟೇನೂ ನಂಬಿಕೆ ಇದ್ದಂತಿಲ್ಲ! ಅದಕ್ಕೇ ನೆನಪಿಸಲು ಒಬ್ಬನನ್ನು ಇಟ್ಟುಕೊಂಡ. ಅಟ್ಟಕಥೆಯಲ್ಲಿ ಇನ್ನೂ ಒಂದು ಸೊಗಸಾದ ವಿವರ ಬರುತ್ತದೆ. ಗಾಥೆಯನ್ನು ಊಟದ ಮೊದಲಿಗೇ ಹೇಳಬಾರದು, ಕೊನೆಯ ತುತ್ತಿನ ಹೊತ್ತಿಗೆ ಹೇಳಬೇಕು. ಅದನ್ನು ಕೇಳಿ ರಾಜ ಕೈಬಿಟ್ಟ ತುತ್ತಿನಲ್ಲಿ ಎಷ್ಟು ಅನ್ನವಿತ್ತೋ ಅಷ್ಟನ್ನು ಮರುದಿನ ಬೇಯಿಸುವಾಗಲೇ ಕಡಿಮೆ ಮಾಡಬೇಕು. ಹೀಗೆ ಮೆಲ್ಲಮೆಲ್ಲಗೆ ಇಳಿದು ಅವನ ಊಟ ದ್ರೋಣದಿಂದ ನಾಳಿಯಷ್ಟು ಸಣ್ಣ ಅಳತೆಗೆ ಬಂತು. ಕೊನೆಗೆ ಮೈ ಹಗುರಾಗಿ, ಕೈಕಾಲು ಸವರಿಕೊಳ್ಳುತ್ತ ಬುದ್ಧರ ಕರುಣೆಯನ್ನು ನೆನೆದನಂತೆ. ತನ್ನ ದೇಹವನ್ನು ಹಳಿದುಕೊಂಡ ಮಾತು ಆ ಸುತ್ತದಲ್ಲಿ ಒಂದೂ ಇಲ್ಲ.

ನಮ್ಮ ಮನೆಗಳಿಗೆ ಇದು ಯಾಕೆ ಹೊಂದುತ್ತದೆ ಎಂದರೆ, ನಾವು ತಟ್ಟೆಯಲ್ಲಿ ಅನ್ನ ಬಿಡಲಾರೆವು. ಬಿಟ್ಟರೆ ಅವ್ವನ ಕಣ್ಣು ಎದುರಿಗೆ ಬರುತ್ತದೆ. ಮಕ್ಕಳು ಬಿಟ್ಟದ್ದೂ ನಮ್ಮ ಹೊಟ್ಟೆಗೇ. ಆದ್ದರಿಂದ ತಟ್ಟೆಯಲ್ಲಿ ಬಿಡುವುದು ಬೇಡ, ಎಸರಿಗೆ ಹಾಕುವಾಗಲೇ ಒಂದು ಹಿಡಿ ಹಿಟ್ಟು ಕಡಿಮೆ ಹಾಕಿ. ಸೊಪ್ಪು, ಹುರುಳಿಕಾಳು ಒಂದು ಸೌಟು ಜಾಸ್ತಿ ಇರಲಿ. ರಾಗಿ ಸಕ್ಕರೆಗೆ ಒಳ್ಳೆಯದು ಎಂದು ಮೂರು ಮುದ್ದೆ ಉಣ್ಣುವ ಅಣ್ಣಂದಿರೂ ಸ್ವಲ್ಪ ಗಮನಿಸಬೇಕು. ರಾಗಿಯಲ್ಲೂ ಪಿಷ್ಟವೇ ಹೆಚ್ಚು, ಅಳತೆ ಅದಕ್ಕೂ ಇದೆ.

ಇನ್ನು ಆ ಸಂಕಟದ ವಿಷಯ. ಪಾಳಿಯಲ್ಲಿ ಇದಕ್ಕೆ 'ಕುಕ್ಕುಚ್ಚ' ಎನ್ನುತ್ತಾರೆ. ಮಾಡಿದ್ದನ್ನು, ಮಾಡದೆ ಬಿಟ್ಟದ್ದನ್ನು ನೆನೆನೆನೆದು ಒಳಗೇ ಕುದಿಯುವುದು. ಇದು ಪುಣ್ಯವೇನಲ್ಲ. ಐದು ನೀವರಣಗಳಲ್ಲಿ, ಅಂದರೆ ಮನಸ್ಸಿಗೆ ಅಡ್ಡ ಬರುವ ಐದರಲ್ಲಿ, ಚಂಚಲತೆಯ ಜೊತೆಗೆ ಇದನ್ನೂ ಸೇರಿಸಿದ್ದಾರೆ. ಕೊರಗಿದರೆ ನಾವು ಒಳ್ಳೆಯವರು ಎಂದುಕೊಳ್ಳುತ್ತೇವೆ. ಬುದ್ಧರು ಅದನ್ನು ಆಲಸ್ಯ, ದ್ವೇಷಗಳ ಸಾಲಿನಲ್ಲಿ ಇಟ್ಟಿದ್ದಾರೆ. ನಾಳಂದದಲ್ಲಿ ಅಸಿಬಂಧಕಪುತ್ತನೊಡನೆ ಮಾತಾಡುವಾಗ ಜೀವಹತ್ಯೆ, ಕಳವು, ಸುಳ್ಳಿನ ಬಗ್ಗೆಯೇ ಅವರು ಹೇಳಿದ್ದು ಇದು: ಮಾಡಿದ್ದು ತಪ್ಪು ಎಂದು ಕಾಣಬೇಕು, ಆದರೆ ಪಶ್ಚಾತ್ತಾಪದಿಂದ ಮಾಡಿದ್ದು ಮಾಡದೇ ಇದ್ದಂತಾಗದು, ಇನ್ನು ಮುಂದೆ ಬಿಡಬೇಕು. ಹತ್ಯೆಗೇ ಅಷ್ಟು ಹೇಳಿದವರು ಎರಡು ಮಾವಿನಹಣ್ಣಿಗೆ ರಾತ್ರಿಯೆಲ್ಲ ಅಳು ಎನ್ನುತ್ತಾರೆಯೇ?

ಅಕ್ಕನ ಮಾತಿನಲ್ಲಿ ಇನ್ನೊಂದು ಸುಳಿವಿತ್ತು: "ಬೆಳಗ್ಗೆಯಿಂದ ತಡ್ಕೊಂಡಿದ್ದು." 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರೆಲ್ಲ ಸ್ವಇಚ್ಛೆಯಿಂದ ಬಂದವರು. ಕ್ರಮೇಣ ಅವರಿಗೆ ಊಟದ್ದೇ ಧ್ಯಾನ, ಅಡುಗೆ ಪುಸ್ತಕ ಓದುವುದು, ತಟ್ಟೆ ನೆಕ್ಕುವುದು. ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ಸಾಲಲಿಲ್ಲ. ದೇಹವನ್ನು ಹಸಿವಿಗೆ ತಳ್ಳಿದರೆ ಅದು ಹೀಗೆ ಸೇಡು ತೀರಿಸಿಕೊಳ್ಳುತ್ತದೆ. ಅಡುಗೆಮನೆಯ ಕತ್ತಲಲ್ಲಿ ನಿಂತಿದ್ದಾಗ ನನಗಾದದ್ದೂ ಅದೇ. ತಡೆದುಕೊಳ್ಳುವುದು, ಮುಗಿಬೀಳುವುದು, ಕೊರಗುವುದು, ಕೊರಗಿದ್ದಕ್ಕೆ ಮತ್ತೆ ತಡೆದುಕೊಳ್ಳುವುದು. ಗಾಣದೆತ್ತಿನ ಹಾಗೆ ಅಲ್ಲೇ ಸುತ್ತು.

ಬೋಧಿಸತ್ವರೂ ಈ ದಾರಿ ನೋಡಿದವರೇ. ಆರು ವರ್ಷ ದೇಹ ದಂಡಿಸಿ ಮೂಳೆ ಚಕ್ಕಳವಾಗಿ, ಇದರಿಂದ ಏನೂ ಸಿಗದೆಂದು ಕಂಡು ಸುಜಾತೆಯ ಪಾಯಸ ಉಂಡರು. ಜೊತೆಗಿದ್ದ ಐವರು ಇವನು ಕೆಟ್ಟ ಎಂದು ಬಿಟ್ಟುಹೋದರು. ಉಂಡದ್ದಕ್ಕೆ ಜಗತ್ತಿನ ನಿಂದೆ ಅವರಿಗೂ ತಪ್ಪಲಿಲ್ಲ.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. 1948ರಲ್ಲಿ ಮದುವೆಯಾದ ಡಾ. ಸವಿತಾ ಅವರೇ ವೈದ್ಯರಾಗಿ ಅವರ ಆರೋಗ್ಯ ನೋಡಿಕೊಂಡರು. ಅದು ಅವರ ಪಾಪದಿಂದ ಬಂತು ಎಂದು ಯಾರಾದರೂ ಅಂದರೆ ನಾವು ಸುಮ್ಮನಿರುತ್ತೇವೆಯೇ? ಹಾಗಿದ್ದ ಮೇಲೆ ನಮ್ಮ ಮೈಗೆ ನಾವೇ ಯಾಕೆ ಆ ಮಾತು ಆಡುತ್ತೇವೋ!

ಒಂದು ಎಚ್ಚರಿಕೆ. ಹುಣ್ಣಿಮೆಯ ಉಪೋಸಥದಲ್ಲಿ ಮಧ್ಯಾಹ್ನದ ನಂತರ ಉಣ್ಣದಿರುವವರು ನಮ್ಮಲ್ಲಿದ್ದಾರೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ. ಸಕ್ಕರೆ ಇಳಿದು ತಲೆ ಸುತ್ತಿ ಬೀಳಬಹುದು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವ ಮಕ್ಕಳು ಮನೆಯಲ್ಲಿದ್ದರೆ ಬೈಯಬೇಡಿ, ಅದು ಕಾಯಿಲೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪಸೇನದಿಯ ಕಥೆಯನ್ನು ಅಕ್ಕನಿಗೆ ಬುಧವಾರ ಫೋನಿನಲ್ಲಿ ಹೇಳಿದೆ. ನೂರು ಕಹಾಪಣ ಎಲ್ಲಿಂದ ತರಲಿ ಎಂದು ನಕ್ಕರು. ನಿನ್ನೆ ರಾತ್ರಿ ವಾಯ್ಸ್ ಮೆಸೇಜ್ ಬಂತು: "ಟೀಚರಮ್ಮ, ಒಂದು ಹಿಡಿ ಹಿಟ್ಟು ಕಮ್ಮಿ ಹಾಕ್ದೆ. ಮಗ ಕಂಡುಹಿಡಿದ್ಬಿಟ್ಟ, ಯಾಕವ್ವ ನಿನ್ ಮುದ್ದೆ ಸಣ್ಣಗೈತೆ ಅಂತ. ದಿನಾ ಊಟದ ಹೊತ್ತಿಗೆ ಹಿಂಗೇ ಕೇಳಪ್ಪ ಅಂದಿವ್ನಿ. ಮಧ್ಯಾಹ್ನ ಒಂದು ಹಣ್ಣು ತಿಂದೆ, ಎಲ್ಲರ ಜೊತೆ ಕೂತ್ಕೊಂಡು."

ಜೈ ಭೀಮ್. ನಮೋ ಬುದ್ಧಾಯ.