ಮನೆಯ ಹೊಗೆಯ ಲೆಕ್ಕ

ಇದ್ದಲು ಉರಿದ ಮೇಲೆ ಬೂದಿ ಮಾತ್ರ ಉಳಿಯುವದೆಂದು ನಾವು ನೆನಸುತ್ತೇವೆ. ಆದರೆ ಇದ್ದಲು ಇಲ್ಲದೆ ಹೋಗಲಿಲ್ಲ. ಅದು ಗಾಳಿಯೊಳಗಿನ ಆಮ್ಲಜನಕದೊಂದಿಗೆ ಕೂಡಿ ಇಂಗಾಲಾಮ್ಲವೆಂಬ ವಾಯುವಾಗಿ ಮೇಲಕ್ಕೆ ಹೋಯಿತು. 12 ಕಿಲೋ ಶುದ್ಧ ಇಂಗಾಲವು ಪೂರ್ಣವಾಗಿ ಉರಿದರೆ 44 ಕಿಲೋ ವಾಯು ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದು. ಆದರೂ ಭೂಮಿಯ ಸೆಕೆಯನ್ನು ಕಂಬಳಿಯ ಹಾಗೆ ಹಿಡಿದಿಡುವದರಿಂದ, ಯಾವ ದೇಶದ ಮನೆಗಳೂ ಅಂಗಡಿ ಕಚೇರಿಗಳೂ ಅದನ್ನು ಎಷ್ಟು ಹೊರಡಿಸುತ್ತವೆಂದು ಈಗ ಲೆಕ್ಕವಿಡುತ್ತಾರೆ.

ಈ ಲೆಕ್ಕವನ್ನು ಓದುವವನು ಮೋಸಹೋಗುವದು ಸುಲಭ. ಉತ್ತರ ಸಮುದ್ರದ ಎರಡು ದಡಗಳಲ್ಲಿರುವ ಬ್ರಿಟನ್ ಮತ್ತು ನಾರ್ವೆ ದೇಶಗಳನ್ನು ನೋಡೋಣ. ನಾರ್ವೆಯ ಚಳಿಯೇ ಹೆಚ್ಚು ಕಠಿಣವಾದದ್ದು. ಆದಾಗ್ಯೂ ಅಲ್ಲಿಯ ಒಂದು ಮನೆಯಿಂದ ಹೊರಡುವ ವಾಯು ಬ್ರಿಟನ್ನಿನ ಮನೆಯದಕ್ಕಿಂತ ಬಹಳ ಕಡಿಮೆ. ಯಾಕಂದರೆ ಬ್ರಿಟನ್ನಿನವರು 1967 ರಿಂದ 1977 ರ ವರೆಗೆ ತಮ್ಮ ಒಲೆಗಳನ್ನೆಲ್ಲಾ ಮಾರ್ಪಡಿಸಿ, ಸಮುದ್ರದಡಿಯ ಅನಿಲವನ್ನು ಕೊಳವೆಗಳ ಮೂಲಕ ಮನೆಮನೆಗೆ ತಂದರು. ಇಂದಿಗೂ ಅಲ್ಲಿಯ ಹೆಚ್ಚಿನ ಮನೆಗಳಲ್ಲಿ ಒಂದು ಬಾಯ್ಲರು ಆ ಅನಿಲವನ್ನು ಉರಿಸಿ ನೀರು ಕಾಯಿಸುತ್ತದೆ. ಆ ಬಿಸಿನೀರು ಕೊಠಡಿಯಿಂದ ಕೊಠಡಿಗೆ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ನಾರ್ವೆಯವರಿಗೋ ಬೆಟ್ಟಗಳೂ ಧುಮುಕುವ ಹೊಳೆಗಳೂ ಉಂಟು. ಅವರ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರಿನಿಂದ ಹುಟ್ಟುವಂಥದು. ಮನೆಗಳನ್ನು ಅದರಿಂದಲೇ ಕಾಯಿಸುತ್ತಾರೆ. ಕಟ್ಟಡಗಳನ್ನು ಬೆಚ್ಚಗಿಡಲು ಕಲ್ಲೆಣ್ಣೆ ಉರಿಸುವದನ್ನು 2020 ರಿಂದ ನಿಷೇಧಿಸಿದ್ದಾರೆ.

ಹಾಗಾದರೆ ನಾರ್ವೆಯವರು ಮಿತವ್ಯಯಿಗಳೂ ಬ್ರಿಟನ್ನಿನವರು ದುಂದುಗಾರರೂ ಆಗಿದ್ದಾರೆನ್ನೋಣವೋ? ಅವಸರ ಬೇಡ. ತಲೆಯೊಂದಕ್ಕೆ ನಾರ್ವೆಯಲ್ಲಿ ವೆಚ್ಚವಾಗುವ ವಿದ್ಯುತ್ತೇ ಬಹಳ ಹೆಚ್ಚು. ಇದಲ್ಲದೆ 2007 ರಲ್ಲಿ ಪೂರ್ಣವಾದ ಲಾಂಗೆಲೆಡ್ ಎಂಬ ಕೊಳವೆಯು ಸಮುದ್ರದ ಅಡಿಯಲ್ಲಿ 1,166 ಕಿಲೋಮೀಟರು ದೂರ ಸಾಗಿ, ನಾರ್ವೆಯ ಅನಿಲವನ್ನು ಬ್ರಿಟನ್ನಿಗೇ ಒಯ್ಯುತ್ತದೆ. ಎಲ್ಲಿ ಉರಿಯಿತೋ ಆ ದೇಶದ ಪುಸ್ತಕದಲ್ಲಿ ವಾಯುವನ್ನು ಬರೆಯಬೇಕೆಂಬದು ನಿಯಮ. ಮಾರಿದವನ ಪುಸ್ತಕಕ್ಕೆ ಹಣ, ಕೊಂಡವನ ಪುಸ್ತಕಕ್ಕೆ ಹೊಗೆ! ಇದು ಪೂರಾ ನ್ಯಾಯವೆಂದು ನಮಗೆ ತೋರುವದಿಲ್ಲ.

ಅಂಗಡಿ ಕಚೇರಿಗಳ ಲೆಕ್ಕವು ಇನ್ನೂ ಮರೆಯಾದದ್ದು. ಅಲ್ಲಿ ದೀಪಗಳೂ ತಂಪು ಮಾಡುವ ಯಂತ್ರಗಳೂ ಹೆಚ್ಚು. ಒಳಗೆ ಹೊಗೆಯೇ ಇಲ್ಲ, ಅದು ದೂರದ ವಿದ್ಯುದಾಗಾರದಲ್ಲಿ ಏಳುತ್ತದೆ. 2022 ರಲ್ಲಿ ಲೋಕದಲ್ಲೆಲ್ಲಾ ಇಂಧನಗಳಿಂದ ಹುಟ್ಟಿದ ವಾಯುವಿನಲ್ಲಿ ನೂರಕ್ಕೆ ಸುಮಾರು 26 ಪಾಲು ಕಟ್ಟಡಗಳ ಬಳಕೆಗೆ ಸೇರಿತ್ತು. ಅದರಲ್ಲಿ ಕಟ್ಟಡಗಳೊಳಗೇ ಉರಿದದ್ದು 8 ಪಾಲು ಮಾತ್ರ. ಬೆಂಗಳೂರಿನ ಕಚೇರಿಯ ದೀಪವು ಶರಾವತಿಯ ನೀರಿನಿಂದ ಉರಿಯುವದೋ ರಾಯಚೂರಿನಲ್ಲಿ ಸುಡುವ ಕಲ್ಲಿದ್ದಲಿನಿಂದಲೋ, ದೀಪವನ್ನು ನೋಡಿ ಯಾರೂ ಹೇಳಲಾರರು.